ಹಲ್ಲುನೋವಿನ ಉಪಕಾರ

ಗಡಹಿಂಗ್ಲಜದಲ್ಲಿ ಹಲ್ಲಿನ ಡಾಕ್ಟರರ ಹೊರಕೋಣೆಯಲ್ಲಿ ದವಡೆ ಹಿಡಿದುಕೊಂಡು ಕೂತಿದ್ದೆ. ಕೈಗೆ ಸಿಕ್ಕಿದ್ದು ಹೋದ ವರ್ಷದ ಮರಾಠಿ ದೀಪಾವಳಿ ಅಂಕ. ಮುಖಪುಟ ಹೋಗಿತ್ತು, ಪದಬಂಧವನ್ನು ಯಾರೋ ಅರ್ಧ ತುಂಬಿ ಒಳಗೆ ಎದ್ದುಹೋಗಿದ್ದರು. ಹಲ್ಲಿನ ಡಾಕ್ಟರರು ಹೊಸ ಪತ್ರಿಕೆ ಇಡಬಾರದೆಂಬುದು ಲೋಕನಿಯಮವೇ ಇರಬೇಕು. ನ್ಯೂಜೆರ್ಸಿಯ ರೊಸೆಲ್ ಊರಿನ ಥಿಯೊಡಿಷಿಯಾ ಕಾರ್ಪೆಂಟರ್ 1880ರಲ್ಲಿ ಹಿಂಗೇ ಸರದಿ ಕಾಯುತ್ತ ಕೂತಾಗ ಸಿಕ್ಕ ‘ಮಿಷನರಿ ರಿವ್ಯೂ’ ಕೂಡ 1879ರ ಜನವರಿಯದು.

ಅದರೊಳಗೆ ನಮ್ಮ ಕೊಲ್ಹಾಪುರದ ಕಾಗದ. ಬರೆದವರು ಅಂಚೆ ಖಾತೆಯ ಗೋಪಾಳರಾವ ಜೋಶಿ. ಹೆಂಡತಿ ಆನಂದಿಬಾಯಿಗೆ ಅಮೆರಿಕದಲ್ಲಿ ಓದು ಸಿಕ್ಕೀತೇ, ಜೊತೆಗೆ ತನಗೊಂದು ನೌಕರಿಯೂ ಆದೀತೇ ಎಂದು 1878ರಲ್ಲಿ ಪ್ರಿನ್ಸ್‌ಟನ್ನಿನ ವೈಲ್ಡರ್ ಪಾದ್ರಿಗೆ ಬರೆದಿದ್ದರು. ವೈಲ್ಡರ್ ಪರಕೀಯನಲ್ಲ, 1852ರಲ್ಲಿ ಕೊಲ್ಹಾಪುರಕ್ಕೆ ಬಂದು ಮಿಷನ್ ಕಟ್ಟಿ ಹೋದವನು. ಮೊದಲು ಕ್ರಿಸ್ತನನ್ನು ಒಪ್ಪಿರಿ, ಮಿಕ್ಕದ್ದು ಆಮೇಲೆ ಎಂಬರ್ಥದ ಉತ್ತರವನ್ನೂ ಕಾಗದವನ್ನೂ ಜೋಡಿಯಾಗಿ ಅಚ್ಚು ಹಾಕಿ ಕೈತೊಳೆದುಕೊಂಡ. ಕಾರ್ಪೆಂಟರಮ್ಮ ಮಾತ್ರ ಯಾವ ಕರಾರೂ ಇಲ್ಲದೆ ತಾನೇ ಬರೆದಳು. ಇತಿಹಾಸದ ಪುಸ್ತಕಗಳು ಗೋಪಾಳರಾವರ ಕಾಗದಕ್ಕೆ ಪುಟಗಟ್ಟಲೆ ಜಾಗ ಕೊಡುತ್ತವೆ, ಆ ಹಲ್ಲಿಗೆ ಕೊಡುವುದಿಲ್ಲ. ನಾನು ಹಲ್ಲಿನ ಪಕ್ಷ. ಅದು ಇನ್ನೊಂದು ವರ್ಷ ಗಟ್ಟಿಯಿದ್ದಿದ್ದರೆ ಆ ಸಂಚಿಕೆ ರದ್ದಿಗೆ ಹೋಗುತ್ತಿತ್ತು, ಆನಂದಿಬಾಯಿ ಜೋಶಿ ಡಾಕ್ಟರಾಗುತ್ತಿರಲಿಲ್ಲ.

ನನ್ನಜ್ಜಿ ಇದನ್ನು ಒಪ್ಪುತ್ತಿರಲಿಲ್ಲ; ಅವಳ ಲೆಕ್ಕದಲ್ಲಿ ಎಲ್ಲವೂ ಹಣೆಬರಹ. ಸಂಕೇಶ್ವರದ ಕಡೆಯಿಂದ ಗಡಹಿಂಗ್ಲಜಕ್ಕೆ ಸೊಸೆಯಾಗಿ ಬಂದ ಅವಳು ಸೂಲಗಿತ್ತಿಯೇನಲ್ಲ; ಆದರೆ ಓಣಿಯಲ್ಲಿ ಯಾರಿಗೆ ಬ್ಯಾನಿ ಬಂದರೂ ಸೂಲಗಿತ್ತಿಗಿಂತ ಮೊದಲು ಅಲ್ಲಿರುತ್ತಿದ್ದಳು. ಐದನೆಯ ರಾತ್ರಿ ಶೆಟಿಗೆವ್ವ ಬಂದು ಕೂಸಿನ ಹಣೆಬರಹ ಬರೀತಾಳೆಂದು ಬಿಳಿಹಾಳೆ, ಲೇಖನಿ ಇಡುವುದು ಅವಳದೇ ಕೆಲಸ. ನಮ್ಮ ಶಾಲೆಯ ಪೆನ್ನು ಮಾಯವಾದಾಗೆಲ್ಲ ಓಣಿಯಲ್ಲಿ ಹೆರಿಗೆಯಾಗಿದೆಯೆಂದೇ ಅರ್ಥ.

ಆನಂದಿಬಾಯಿಯ ಕೂಸು ಬದುಕಿದ್ದು ಹತ್ತೇ ದಿನ. ತಾಯಿಗೇ ಆಗ ಹದಿನಾಲ್ಕರ ಆಸುಪಾಸು. ಕಲ್ಯಾಣದ ಆ ಬಾಣಂತಿಕೋಣೆಗೆ ಶೆಟಿಗೆವ್ವ ಬಂದಿದ್ದರೆ ಒಂದೇ ಸಾಲು ಬರೆದು ಎದ್ದಿರಬೇಕು. ಸಮಯಕ್ಕೆ ವೈದ್ಯಕೀಯ ನೆರವು ಸಿಗದ ಸಂಕಟವೇ ಈಕೆಯನ್ನು 1883ರಲ್ಲಿ ಕಲ್ಕತ್ತೆಯಿಂದ ಹಡಗು ಹತ್ತಿಸಿತು. ಫಿಲಡೆಲ್ಫಿಯಾದ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಪ್ರಬಂಧಕ್ಕೆ ಆರಿಸಿಕೊಂಡ ವಿಷಯ ಆರ್ಯ ಹಿಂದೂಗಳ ಪ್ರಸೂತಿ ವಿದ್ಯೆ. 1886ರ ಮಾರ್ಚ್ 11ರಂದು ಪದವಿ ಬಂತು. ಕೊಲ್ಹಾಪುರ ಸಂಸ್ಥಾನವು ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಹೆಂಗಸರ ವಿಭಾಗವನ್ನು ಆಕೆಯ ಕೈಗೊಪ್ಪಿಸಿತು. ಅಂದರೆ ಕಾಗದ ಹೊರಟ ಊರಿಗೇ ಡಾಕ್ಟರಾಗಿ ಮರಳುವುದು. ಆದರೆ ಜೊತೆಗೆ ಕ್ಷಯವೂ ಬಂದಿತ್ತು. 1887ರ ಫೆಬ್ರುವರಿ 26ರಂದು ಪುಣೆಯಲ್ಲಿ ತೀರಿಕೊಂಡಾಗ ಇಪ್ಪತ್ತೆರಡು ತುಂಬಿರಲಿಲ್ಲ. ಕೆಲಸಕ್ಕೆ ಹಾಜರಾಗಲೇ ಇಲ್ಲ.

ಹುಟ್ಟಿದ ನೆಪದಲ್ಲಿ ಕಲ್ಯಾಣದವರು, ಸತ್ತ ನೆಪದಲ್ಲಿ ಪುಣೆಯವರು ಆಕೆ ನಮ್ಮವಳೆನ್ನುತ್ತಾರೆ. ಚಿತಾಭಸ್ಮ ಕಾರ್ಪೆಂಟರಮ್ಮನ ಮನೆತನದ ಸ್ಮಶಾನ ಸೇರಿದ್ದರಿಂದ ನ್ಯೂಯಾರ್ಕ್ ಸೀಮೆಯ ಪೊಕಿಪ್ಸಿಯವರಿಗೂ ಹಕ್ಕುಂಟು. ನಮ್ಮ ಪಾಲಿಗಿರುವುದು ಒಂದು ಕಾಗದ, ಒಂದು ನೇಮಕ. ಅಷ್ಟರ ಮೇಲೇ ನಾನು ಎಲ್ಲರ ಜೊತೆ ಜಗಳಕ್ಕೆ ನಿಲ್ಲುತ್ತೇನೆ. ಮುಂದೆ ಅದೇ ಆಸ್ಪತ್ರೆಯಲ್ಲಿ ಶಾಹೂ ಮಹಾರಾಜರ ಬೆಂಬಲದಿಂದ ವರ್ಷಗಟ್ಟಲೆ ದುಡಿದ ಡಾ. ಕೃಷ್ಣಾಬಾಯಿ ಕೇಳವಕರರನ್ನು ಬಿಟ್ಟು, ಬಾರದೇ ಹೋದವಳನ್ನು ಹಿಂಗೆ ಹೊಗಳುವುದು ನ್ಯಾಯವಲ್ಲ, ಗೊತ್ತಿದೆ.

ಆ ಆಸ್ಪತ್ರೆಯೇ ಈಗಿನ ಸಿಪಿಆರ್, ಛತ್ರಪತಿ ಪ್ರಮಿಳಾರಾಜೆ ದವಾಖಾನೆ. ನಾನು ಮನೆಯಲ್ಲೇ ಹುಟ್ಟಿದವನು. ತಮ್ಮ ಅಡ್ಡ ತಿರುಗಿದ್ದರಿಂದ ಅವ್ವನನ್ನು ಅಲ್ಲಿಗೊಯ್ದರು. ನಮ್ಮೂರಿನ ಎಸ್‌ಟಿ ಬಸ್ಸು ಸಂಕೇಶ್ವರ, ನಿಪ್ಪಾಣಿ ಹಾದು ಕೊಲ್ಹಾಪುರ ಸೇರುತ್ತದೆ. ತಮ್ಮ ಹೊಟ್ಟೆಯಲ್ಲಿದ್ದಾಗಲೇ ಎರಡು ರಾಜ್ಯ ತಿರುಗಿಬಂದ ಆಸಾಮಿ. ಇಚಲಕರಂಜಿಯಿಂದ ಸೋದರತ್ತೆಯೂ ಬಂದಳು. ಮಗ್ಗದ ಸದ್ದಿಲ್ಲದ ಊರಾಗ ಕೂಸು ಹೆಂಗ ನಿದ್ದಿ ಮಾಡತಾವ ಅನ್ನುವುದೊಂದೇ ಅವಳ ಚಿಂತೆ.

ಅಜ್ಜಿ ಹೋದದ್ದು ಅಳವಿ, ಅಂಟು, ಒಣಕೊಬ್ಬರಿಯ ಗಂಟು ಹೊತ್ತು. ಅಷ್ಟು ಹೊತ್ತಿಗೆ ಎಲ್ಲ ಮುಗಿದಿತ್ತು. ಕೂಸನ್ನು ತಲೆಯಿಂದ ಕಾಲಿನವರೆಗೆ ತಡವಿ ನೋಡಿ, ಲೇಡಿ ಡಾಕ್ಟರರ ಕಡೆ ತಿರುಗಿ ಅಚ್ಚ ಕನ್ನಡದಲ್ಲೇ ಹೇಳಿದಳಂತೆ: “ಹಡಿಸೋದು ಚಲೋ ಮಾಡೀ ತಂಗಿ. ಇನ್ನ ಎರೆಯೋದು ನನ್ನ ಕಡೆ ಬಿಡು, ಅದು ಓದಿದವ್ರಿಗೆ ಬರೂದಿಲ್ಲ.” ಡಾಕ್ಟರರು ಮರಾಠಿಯಲ್ಲಿ, ಹೊಲಿಗೆ ಹಾಕಿದ್ದೇವೆ, ಸದ್ಯಕ್ಕೆ ನೀರು ತಾಗಿಸುವಂತಿಲ್ಲ ಅಂದರು. ಅಜ್ಜಿ ಡಾಕ್ಟರರ ಮುಂದೆ ತಲೆಯಾಡಿಸಿ, ಊರಿಗೆ ಬಂದವಳೇ ಬಚ್ಚಲ ಒಲೆಗೆ ಉರಿ ಹಾಕಿದಳು.