ತಾತನ ಜಾವಾ ಮತ್ತು ಒಂದೂವರೆ ವೋಲ್ಟ್

ನಾವು ನಾಲ್ವರು. ಒಬ್ಬ ಮಧುಗಿರಿಯವನು, ಒಬ್ಬ ಕೊರಟಗೆರೆಯವನು, ಒಬ್ಬ ಪಾವಗಡದವನು, ಒಬ್ಬಳು ಶಿರಾದವಳು. ತುಮಕೂರು ಜಿಲ್ಲೆಯವರೇ ಆದರೂ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪಟ್ಟಿಯಲ್ಲಿ ಮಾತ್ರ ನಮ್ಮದು ಬೇರೆ ಜಿಲ್ಲೆ: ಮಧುಗಿರಿ ಶೈಕ್ಷಣಿಕ ಜಿಲ್ಲೆ. ಹಾಸ್ಟೆಲ್‌ನಲ್ಲಿ "ಅದ್ಯಾವ ಜಿಲ್ಲೆನಪ್ಪಾ?" ಅಂತ ಎಲ್ಲರಿಂದ ಕೇಳಿಸಿಕೊಂಡೂ ಕೇಳಿಸಿಕೊಂಡೂ ನಾವು ನಾಲ್ವರು ಒಂದೇ ಊರಿನವರಂತೆ ಆಗಿಬಿಟ್ಟೆವು. ಹೋದ ರಜೆಯಲ್ಲಿ ನಾವು ಸೇರಿ ಮಾಡಿದ ಒಂದೇ ಒಂದು ಉಪಯೋಗದ ಕೆಲಸದ ಕಥೆ ಇದು.

ಮಧುಗಿರಿಯವನ ತಾತ ಮೋಟಾರ್ ವೈಂಡಿಂಗ್ ಮಾಡುತ್ತಿದ್ದವರು. ತೆರೆದ ಬಾವಿಗಳಲ್ಲಿ ನೀರಿದ್ದ ಕಾಲದಲ್ಲಿ ನಮ್ಮ ನಾಲ್ಕೂ ತಾಲ್ಲೂಕಿನ ಪಂಪ್‌ಸೆಟ್ಟುಗಳ ಸುಟ್ಟ ಮೋಟಾರುಗಳು ಅವರ ಕೈಗೆ ಬರುತ್ತಿದ್ದವಂತೆ. ಅವುಗಳನ್ನು ಬಿಚ್ಚಿ, ಸುತ್ತಿ, ವಾರ್ನಿಷ್ ಹೊಡೆದು ವಾಪಸ್ ಕೊಡಲು ಓಡಾಡಿದ ಗಾಡಿ 1970ರ ಜಾವಾ 250. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು. ಅಲ್ಲಿ 1961ರಿಂದ ಗಾಡಿ ತಯಾರಾಗುತ್ತಿದ್ದವು, 1973ರಲ್ಲಿ ಹೆಸರು ಯೆಜ್ಡಿ ಆಯಿತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ತಾತನ ಗಾಡಿ ಕಾರ್ಖಾನೆಗಿಂತ ಹೆಚ್ಚು ಬಾಳಿದೆ.

ಆದರೆ ಈಚೆಗೆ ಅದು ಹಟ ಹಿಡಿದಿತ್ತು. ಬ್ಯಾಟರಿ ಚಾರ್ಜ್ ಮಾಡಿಸಿ ತಂದು ಹಾಕಿದರೆ ಒಂದೇ ಕಿಕ್ಕಿಗೆ ಸ್ಟಾರ್ಟ್. ರಾತ್ರಿ ಲೈಟ್ ಹಾಕಿಕೊಂಡು ಹೊರಟರೆ ಇಪ್ಪತ್ತು ಮೂವತ್ತು ಕಿಲೋಮೀಟರಿಗೆ ಹಾರ್ನ್ ಸೊರಗಿ, ಹೆಡ್‌ಲೈಟ್ ಕೆಂಪಗಾಗಿ, ಕೊನೆಗೆ ಎಂಜಿನ್ನೇ ನಿಲ್ಲುತ್ತಿತ್ತು. ಈ ಗಾಡಿಯಲ್ಲಿ ಇಗ್ನಿಷನ್ ಕಾಯಿಲ್‌ಗೂ ಬ್ಯಾಟರಿಯಿಂದಲೇ ಕರೆಂಟ್. ಬ್ಯಾಟರಿ ಖಾಲಿಯಾದರೆ ಟ್ಯಾಂಕ್ ತುಂಬ ಪೆಟ್ರೋಲ್ ಇದ್ದರೂ ಸ್ಪಾರ್ಕ್ ಇಲ್ಲ. ಪೇಟೆಯ ಒಬ್ಬ ಮೆಕ್ಯಾನಿಕ್ ಬಿಚ್ಚಿಯೂ ನೋಡದೆ "ಡೈನಮೋ ಹೋಗಿದೆ, ತೆಗೆದು ಬಿಸಾಕಿ 12 ವೋಲ್ಟ್ ಮಾಡ್ಸಿ" ಅಂದಿದ್ದ. ಅವನು ಹೇಳಿದ ಖರ್ಚು ಕೇಳಿ ಗೆಳೆಯನ ಚಿಕ್ಕಪ್ಪ, ಬೆಂಗಳೂರಿನಿಂದ ಹಳೇ ಗಾಡಿ ಹುಡುಕಿಕೊಂಡು ಬಂದವರೊಬ್ಬರಿಗೆ ಮಾರಲು ಮಾತಾಡಿಬಿಟ್ಟಿದ್ದರು. ಅವರು ಬರುವುದು ಭಾನುವಾರ. ನಾವು ಹೋದದ್ದು ಗುರುವಾರ.

ತಾತನಿಗೆ ಈಗ ಕಣ್ಣು ಸರಿಯಾಗಿ ಕಾಣುವುದಿಲ್ಲ. ಅವರು ಮಾರಬೇಡಿ ಎಂದೇನೂ ಹಟ ಮಾಡಲಿಲ್ಲ. "ಮಾರ್ಕಳ್ಳಿ. ಆದ್ರೆ ಸತ್ತ ಗಾಡಿ ಅಂತ ತಳ್ಕೊಂಡು ಹೋಗೋದು ಬ್ಯಾಡ. ಓಡ್ಕೊಂಡು ಹೋಗ್ಲಿ" ಅಂದರು. ನಮಗೆ ಅಷ್ಟೇ ಸಾಕಾಯಿತು.

ಎರಡನೇ ಸೆಮಿಸ್ಟರಿನಲ್ಲಿ ನಾವೆಲ್ಲ ಬಾಯಿಪಾಠ ಮಾಡಿದ ಒಂದು ಪ್ರಶ್ನೆ ನೆನಪಿದೆಯಾ? ಡಿಸಿ ಶಂಟ್ ಜನರೇಟರ್ ವೋಲ್ಟೇಜ್ ಕಟ್ಟದಿರಲು ಕಾರಣಗಳೇನು? ಉಳಿಕೆ ಕಾಂತತ್ವ ಇಲ್ಲದಿರುವುದು, ಫೀಲ್ಡ್ ತಿರುಗುಮುರುಗಾಗಿರುವುದು, ಫೀಲ್ಡ್ ರೆಸಿಸ್ಟೆನ್ಸ್ ಜಾಸ್ತಿ ಇರುವುದು, ವೇಗ ಸಾಲದಿರುವುದು. ಆ ಜನರೇಟರ್ ಜಾವಾದ ಬಲಗಡೆ ಕವರ್ ಬಿಚ್ಚಿದರೆ ಅಂಗೈಯಗಲ ಕೂತಿದೆ: 6 ವೋಲ್ಟ್, 45 ವ್ಯಾಟ್. ನಿಮ್ಮ ಲ್ಯಾಪ್‌ಟಾಪ್ ಚಾರ್ಜರಿನ ಮೇಲೆ ಇದಕ್ಕಿಂತ ದೊಡ್ಡ ಅಂಕಿ ಇರಬಹುದು.

ನಮ್ಮ ಶಿರಾದವಳು ಇಇಇ. ಡೈನಮೋ ಬಿಚ್ಚೋಣ ಎಂದು ಸ್ಕ್ರೂಡ್ರೈವರ್ ಎತ್ತಿಕೊಂಡಳು. ತಾತ ತಡೆದರು. "ಏನವ್ವಾ, ರೋಗಿ ಬಂದ ತಕ್ಷಣ ಹೊಟ್ಟೆ ಕುಯ್ತಾರಾ? ಮೊದ್ಲು ಕೀ ಹಾಕು. ಕೆಂಪು ಲೈಟ್ ಏನ್ ಹೇಳ್ತದೆ ಅದನ್ನ ಹೇಳು."

ಹೆಡ್‌ಲೈಟ್ ಮೇಲಿರುವ ಆ ಪುಟ್ಟ ಕೆಂಪು ಬಲ್ಬಿನ ಒಂದು ತುದಿ ಬ್ಯಾಟರಿ ಕಡೆಗೆ, ಇನ್ನೊಂದು ಡೈನಮೋ ಕಡೆಗೆ. ಎಂಜಿನ್ ನಿಂತಿದ್ದಾಗ ಕೀ ಹಾಕಿದರೆ ಬ್ಯಾಟರಿಯ ಕರೆಂಟು ಬಲ್ಬ್ ದಾಟಿ, ಡೈನಮೋದ ಬ್ರಷ್ ದಾಟಿ ಅರ್ತ್ ಸೇರುತ್ತದೆ, ಬಲ್ಬ್ ಉರಿಯುತ್ತದೆ. ಉರಿಯದಿದ್ದರೆ ಬಲ್ಬೇ ಹೋಗಿರಬೇಕು, ಇಲ್ಲವೇ ಬ್ರಷ್ ಕಮ್ಯುಟೇಟರಿಗೆ ತಾಗುತ್ತಿಲ್ಲ. ಎಂಜಿನ್ ಓಡಿ ಡೈನಮೋ ಬ್ಯಾಟರಿಯ ಮಟ್ಟಕ್ಕೆ ಬಂದರೆ ಎರಡೂ ತುದಿ ಸಮ, ಬಲ್ಬ್ ಆರುತ್ತದೆ. ಎಂಜಿನ್ ಓಡಿದರೂ ಜೋರಾಗಿಯೇ ಉರಿಯುತ್ತಿದ್ದರೆ ಡೈನಮೋ ಏನೂ ಕೊಡುತ್ತಿಲ್ಲ ಎಂದು ಅರ್ಥ.

ನಮ್ಮದು ಇದಾವುದೂ ಆಗಿರಲಿಲ್ಲ. ಕೀ ಹಾಕಿದಾಗ ಚೆನ್ನಾಗಿ ಉರಿಯಿತು. ಎಂಜಿನ್ ಏರಿಸಿದಾಗ ಪೂರ್ತಿ ಆರದೆ, ಬೂದಿ ಮುಚ್ಚಿದ ಕೆಂಡದಂತೆ ಉಳಿಯಿತು. ಹಗಲಲ್ಲಿ ಕಾಣುವುದೇ ಇಲ್ಲ, ಅಂಗೈ ಅಡ್ಡ ಹಿಡಿದು ನೋಡಬೇಕು.

ತಾತ ಕೇಳಿದರು: "ಹಂಗಾದ್ರೆ ಎರಡು ಕಡೆ ಸಮ ಇಲ್ಲ. ಯಾವ್ ಕಡೆ ಮೇಲೈತೆ, ಯಾವ್ ಕಡೆ ಕೆಳಗೈತೆ?"

ಬಲ್ಬಿಗೆ ದಿಕ್ಕು ಗೊತ್ತಾಗುವುದಿಲ್ಲ, ವ್ಯತ್ಯಾಸ ಮಾತ್ರ ಗೊತ್ತು. ಅಳೆಯಲೇಬೇಕು. ನಮ್ಮ ಡಿಜಿಟಲ್ ಮೀಟರಿನಲ್ಲಿ ಸ್ಪಾರ್ಕಿನ ಗದ್ದಲಕ್ಕೆ ಅಂಕಿಗಳು ಕುಣಿಯತೊಡಗಿದವು. ತಾತನ ಹಳೇ ಮುಳ್ಳಿನ ಮೀಟರ್ ಹೊರಬಂತು. ಅದರ ಮುಳ್ಳು ಸ್ವಲ್ಪ ನಡುಗಿ ಒಂದು ಕಡೆ ನಿಂತಿತು. ಹೆಡ್‌ಲೈಟ್ ಹಾಕಿ, ಎಂಜಿನ್ ಏರಿಸಿ ನೋಡಿದೆವು. ಬ್ಯಾಟರಿಯ ಮೇಲೆ 5.9 ವೋಲ್ಟ್; ಅಲ್ಲಿ 7ರ ಸುತ್ತ ಇರಬೇಕಿತ್ತು. ಡೈನಮೋದ ಟರ್ಮಿನಲ್ ಮೇಲೆ 7.4!

ನಾವು ಮುಖ ಮುಖ ನೋಡಿಕೊಂಡೆವು. ಡೈನಮೋ ತನ್ನ ಕೆಲಸ ಮಾಡುತ್ತಲೇ ಇತ್ತು. ಪಠ್ಯಪುಸ್ತಕದ ಒಂದು ಕಾರಣವೂ ಬೇಕಾಗಲಿಲ್ಲ. ಹುಟ್ಟಿದ ಕರೆಂಟು ಬ್ಯಾಟರಿ ಸೇರುವ ಮೊದಲೇ ದಾರಿಯಲ್ಲಿ ಒಂದೂವರೆ ವೋಲ್ಟ್ ಕಳೆದುಕೊಳ್ಳುತ್ತಿತ್ತು. ಇನ್ನು ಉಳಿದದ್ದು ಆ ದಾರಿಯನ್ನು ಗೇಣು ಗೇಣಾಗಿ ಅಳೆಯುವುದು. ಡೈನಮೋದಿಂದ ರೆಗ್ಯುಲೇಟರಿನವರೆಗಿನ ವೈರ್: ಏನೂ ಇಲ್ಲ. ಕಟೌಟ್ ಪಾಯಿಂಟುಗಳ ಮೇಲೆ: 0.1. ರೆಗ್ಯುಲೇಟರಿನಿಂದ ಬ್ಯಾಟರಿಗೆ ಹೋಗುವ ವೈರ್: 1.4.

ಆ ವೈರಿನ ನಡುವೆ ಕಪ್ಪು ಟೇಪ್ ಸುತ್ತಿದ ಒಂದು ಗಂಟು ಇತ್ತು. ಬಿಚ್ಚಿದೆವು. ಬರೀ ತಿರುಚಿದ ಜಾಯಿಂಟ್, ಬೆಸುಗೆ ಇಲ್ಲ, ತಾಮ್ರ ಹಸಿರಾಗಿ ಪುಡಿಯಾಗುತ್ತಿದೆ. ತಾತ ಕೈ ಚಾಚಿ ಬೆರಳಲ್ಲಿ ಸವರಿದರು. ಸ್ವಲ್ಪ ಹೊತ್ತು ಮಾತಾಡಲಿಲ್ಲ.

"ಇದು ನಂದೇ ಗಂಟು ಕಣ್ರೋ. ಪಾವಗಡದಿಂದ ಬರ್ಬೇಕಾದ್ರೆ ರಾತ್ರಿ ವೈರ್ ಕಿತ್ತೋಯ್ತು. ವೈಂಡಿಂಗ್ ತಂತಿ ಇತ್ತು ಚೀಲ್ದಾಗೆ, ಹಾಕ್ದೆ. ಮನೆಗೆ ಹೋಗಿ ಬೆಸುಗೆ ಹಾಕಣ ಅಂದ್ಕೊಂಡೆ." ಯಾವ ವರ್ಷ ಎಂದು ಕೇಳಿದರೆ ಲೆಕ್ಕ ಸಿಗಲಿಲ್ಲ. "ನಿಮ್ಮಪ್ಪನ ಮದ್ವೆಗಿಂತ ಮುಂಚೆ" ಎಂದು ಮೊಮ್ಮಗನಿಗೆ ಹೇಳಿ ನಕ್ಕರು.

ಒಂದು ಸಣ್ಣ ಗಂಟಿಗೆ ಗಾಡಿಯೇ ನಿಲ್ಲುತ್ತದೆಯೇ ಎನ್ನುವವರಿಗೆ ಒಂದು ಲೆಕ್ಕ. 45 ವ್ಯಾಟಿಗೆ 6 ವೋಲ್ಟಿನಲ್ಲಿ 7.5 ಆಂಪಿಯರ್ ಬೇಕು. ಜಾಯಿಂಟಿನಲ್ಲಿ ಬರೀ 0.2 ಓಮ್ ಇದ್ದರೂ 1.5 ವೋಲ್ಟ್ ಹೋಯಿತು, ಅಂದರೆ ಆರರಲ್ಲಿ ಕಾಲು ಪಾಲು. ಅದೇ 12 ವೋಲ್ಟಿನಲ್ಲಿ ಕರೆಂಟು ಅರ್ಧ, ನಷ್ಟ 0.75 ವೋಲ್ಟ್, ಹದಿನಾರನೇ ಒಂದು ಪಾಲು. ಹಳೇ 6 ವೋಲ್ಟ್ ಗಾಡಿಗಳಿಗೆ ಸಡಿಲ ಜಾಯಿಂಟು, ತುಕ್ಕು ಹಿಡಿದ ಅರ್ತ್ ಇಷ್ಟು ಕಾಟ ಕೊಡುವುದು ಇದಕ್ಕೇ. ನಮ್ಮ ಪಾವಗಡದವನು ಮಾತೆತ್ತಿದರೆ ತನ್ನ ತಾಲ್ಲೂಕಿನ ತಿರುಮಣಿ ಸೋಲಾರ್ ಪಾರ್ಕಿನ 2,050 ಮೆಗಾವ್ಯಾಟ್ ಬಗ್ಗೆ ಕೊಚ್ಚಿಕೊಳ್ಳುತ್ತಾನೆ. ಲೆಕ್ಕ ಹಾಕಿದೆವು, ಅದು ಸುಮಾರು ನಾಲ್ಕೂವರೆ ಕೋಟಿ ಜಾವಾ ಡೈನಮೋಗಳಿಗೆ ಸಮ. ಆದರೂ ಅಲ್ಲಿ ಪ್ಯಾನಲ್‌ಗಳನ್ನು ಸಾಲಾಗಿ ಜೋಡಿಸಿ ವೋಲ್ಟೇಜ್ ಏರಿಸುವುದು ಇದೇ ಲೆಕ್ಕಕ್ಕೆ, ಸಡಿಲ ಕನೆಕ್ಟರ್ ಅಲ್ಲೂ ಬಿಸಿಯಾಗುವುದು ಇದೇ ಕಾರಣಕ್ಕೆ.

ಹೊಸ ವೈರ್, ಒಳ್ಳೆಯ ಲಗ್, ಬೆಸುಗೆ. ಬೆಸುಗೆಯನ್ನು ತಾತ ಹೇಳಿದಂತೆ ಕೊರಟಗೆರೆಯವನು ಹಾಕಿದ. ಬ್ಯಾಟರಿಯ ಅರ್ತ್ ಕೂಡ ಬಿಚ್ಚಿ ಮರಳು ಕಾಗದದಲ್ಲಿ ಉಜ್ಜಿದೆವು. ಖರ್ಚು ನೂರೈವತ್ತು ರೂಪಾಯಿಯ ಒಳಗೆ. ಮೀಟರಿನ ಮುಳ್ಳು 7.1ಕ್ಕೆ ಹೋಗಿ ನಿಂತಿತು, ಕೆಂಪು ಲೈಟು ಪೂರ್ತಿ ಆರಿತು. ಕತ್ತಲಾದ ಮೇಲೆ ಹೆಡ್‌ಲೈಟ್ ಹಾಕಿಕೊಂಡು ಕೊರಟಗೆರೆಗೆ ಹೋಗಿ ಬಂದೆವು. ಮರುದಿನ ಶಿರಾಕ್ಕೆ. ಶನಿವಾರ ತಾತ ತಾವೇ ಹಿಂದೆ ಕೂತು ಪಾವಗಡಕ್ಕೆ ಹೊರಟರು. ದಾರಿಯುದ್ದಕ್ಕೂ ಅವರು ಕೇಳಿದ್ದು ಒಂದೇ ಪ್ರಶ್ನೆ: "ಕೆಂಪು ಲೈಟ್ ಆರೈತಾ?"

ಭಾನುವಾರ ಬೆಂಗಳೂರಿನವರು ಬಂದರು, ಗಾಡಿ ಓಡಿಸಿ ನೋಡಿದರು, ಬೆಲೆಯನ್ನೂ ಏರಿಸಿದರು. ಚಿಕ್ಕಪ್ಪ ತಾತನ ಮುಖ ನೋಡಿ "ಯೋಚ್ನೆ ಮಾಡಿ ಹೇಳ್ತೀವಿ" ಅಂದರು. ಇವತ್ತಿನವರೆಗೂ ಹೇಳಿಲ್ಲ. ಮುಂದೆ ಮಾರಿದರೂ ಮಾರಬಹುದು, ಅದು ಅವರ ಮನೆಯ ವಿಷಯ. ಹೋದರೆ ಓಡಿಕೊಂಡೇ ಹೋಗುತ್ತದೆ.

ನಿಮ್ಮೂರಿನ ಕೊಟ್ಟಿಗೆಯಲ್ಲೂ ಇಂಥದ್ದೊಂದು ಗಾಡಿ ಇದ್ದರೆ ಪಾರ್ಟ್ ಆರ್ಡರ್ ಮಾಡುವ ಮುಂಚೆ ಒಂದು ಮೀಟರ್ ಹಿಡಿದು ಡೈನಮೋದ ಹತ್ತಿರ ಎಷ್ಟು, ಬ್ಯಾಟರಿಯ ಹತ್ತಿರ ಎಷ್ಟು ಎಂದು ನೋಡಿ. ಓಡಿಸಿದವರು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ. ಮೀಟರ್ ನಮ್ಮ ಲ್ಯಾಬಿನಲ್ಲೇ ಸಿಗುತ್ತದೆ.