ಗುರುತಿನ ಮೀನು

ಮಗಳ ಮನೆ ಇರುವುದು ಕೆನಡಾದ ಥಂಡರ್ ಬೇಯಲ್ಲಿ, ಸುಪೀರಿಯರ್ ಸರೋವರದ ದಡದಲ್ಲಿ. ಹೋದ ಬೇಸಿಗೆಯಲ್ಲಿ ಹತ್ತು ವರ್ಷದ ಮೊಮ್ಮಗ ಮೀನು ಹಿಡಿಯಲು ನನ್ನನ್ನೂ ದೋಣಿಗೆ ಹತ್ತಿಸಿದ. ಮೀನು ತಿನ್ನದ ನಾನು ಲೈಫ್ ಜಾಕೆಟ್ ಬಿಗಿದುಕೊಂಡು ಮೂಲೆಯಲ್ಲಿ ಕೂತೆ.

ಅವನ ಗಾಳಕ್ಕೆ ದೊಡ್ಡ ಲೇಕ್ ಟ್ರೌಟ್ ಸಿಕ್ಕಿತು. ಬೂದು ಮೈ ತುಂಬ ಬಿಳಿಚಿದ ಚುಕ್ಕೆ, ಕವಲೊಡೆದ ಬಾಲ. ಪಕ್ಕೆಯಲ್ಲಿ ರೂಪಾಯಿ ನಾಣ್ಯದಗಲ ದುಂಡನೆ ಗುರುತು. ಲ್ಯಾಂಪ್ರೆ ಕಚ್ಚಿದ್ದು ಎಂದ ಅಳಿಯ.

ಮಕ್ಕಳೇ, ಲ್ಯಾಂಪ್ರೆಗೆ ದವಡೆಯಿಲ್ಲ, ದುಂಡು ಬಾಯಿ ತುಂಬ ಹಲ್ಲು. ಮೀನಿಗೆ ಅಂಟಿಕೊಂಡು ರಕ್ತ ಹೀರುತ್ತದೆ. ಕಡಲಿನ ಈ ಪ್ರಾಣಿಯನ್ನು ನಯಾಗರ ಜಲಪಾತ ತಡೆದಿತ್ತು. ಹಡಗುಗಳಿಗೆಂದು ತೋಡಿದ ವೆಲೆಂಡ್ ಕಾಲುವೆ ಅದಕ್ಕೂ ದಾರಿಯಾಯಿತು. 1950ರ ದಶಕ ಮುಗಿಯುವಷ್ಟರಲ್ಲಿ ಅಲ್ಲಿನ ಮಹಾಸರೋವರಗಳಲ್ಲಿ ಈ ಟ್ರೌಟ್ ಹೆಚ್ಚುಕಡಿಮೆ ಇಲ್ಲವಾಯಿತು; ಸುಪೀರಿಯರ್‌ನಲ್ಲಿ ಅಷ್ಟಿಷ್ಟು ಉಳಿಯಿತು. ವಿಜ್ಞಾನಿಗಳು ಸುಮಾರು 6,000 ರಾಸಾಯನಿಕಗಳನ್ನು ಪರೀಕ್ಷಿಸಿ ಲ್ಯಾಂಪ್ರೆ ಮರಿಗಳನ್ನು ಕೊಲ್ಲುವ ಮದ್ದು ಕಂಡುಕೊಂಡರು. ಹೊಳೆಗಳಿಗೆ ಅದನ್ನು ಇಂದಿಗೂ ಬಿಡುತ್ತಾರೆ. ತಾಳೆಯಾಗದ ಲೆಡ್ಜರ್ ಮುಂದೆ ರಾತ್ರಿಗಳನ್ನು ಕಳೆದವನಿಗೆ ಆ 6,000ದ ಕಷ್ಟ ಗೊತ್ತು.

ಎರಡು ವರ್ಷ ಕಾದು ಹಿಡಿದ ಮೊದಲ ಮೀನು. ಮನೆಗೆ ಒಯ್ಯಬೇಕೆಂದು ಹುಡುಗನ ಹಟ. "ಇವು ನಿಧಾನ ಬೆಳೆಯುತ್ತವೆ. ಇದಕ್ಕೆ ನಿನಗಿಂತ ಜಾಸ್ತಿ ವಯಸ್ಸಿರಬಹುದು" ಎಂದ ಅಳಿಯ. ಹುಡುಗ ಗುರುತನ್ನೇ ನೋಡಿದ, ಕಣ್ಣು ತುಂಬಿತು. ತಾನೇ ಬಗ್ಗಿ ನೀರಿಗೆ ಬಿಟ್ಟ. ಕ್ಷಣ ಹೊತ್ತು ಅಲ್ಲೇ ನಿಂತ ಮೀನು ಬಾಲ ಬಡಿದು ಕೆಳಗಿಳಿಯಿತು.

ವಾಪಸು ಬರುವಾಗ ನನ್ನ ಪಕ್ಕ ಕೂತ. ನನ್ನ ಬೈಪಾಸ್ ಆದಮೇಲೆ ಆ ವಿಷಯ ಕೇಳಲು ಹೆದರುತ್ತಿದ್ದವನು ಮೆಲ್ಲಗೆ ಕೇಳಿದ:

"ತಾತ, ನಿನ್ನ ಎದೆ ಮೇಲಿರೋ ಗುರುತು ಇನ್ನೂ ನೋಯುತ್ತಾ?"

"ಚಳಿಗೆ ಒಂಚೂರು ಕಣೋ" ಎಂದೆ. ತನ್ನ ಟೋಪಿ ತೆಗೆದು ನನ್ನ ತಲೆಗೆ ಹಾಕಿದ.