ಸಹಿ ಇಲ್ಲದ ಸುಗಂಧ

ದೊಡ್ಡ ಫ್ಯಾಷನ್ ಕಂಪನಿಗಳ ಹಂಗಿಲ್ಲದೆ, ಸಣ್ಣ ಪ್ರಮಾಣದಲ್ಲಿ, ಒಬ್ಬಿಬ್ಬರ ಅಭಿರುಚಿಯನ್ನೇ ಬಂಡವಾಳ ಮಾಡಿಕೊಂಡು ಪರಿಮಳ ತಯಾರಿಸುವ ಸಂಸ್ಥೆಗಳನ್ನು ಇಂದಿನ ಸುಗಂಧ ವ್ಯಾಪಾರದಲ್ಲಿ ‘ನಿಷ್’ ಸುಗಂಧಶಾಲೆಗಳೆಂದು ಕರೆಯುವ ರೂಢಿಯಿದೆ. 1976ರಲ್ಲಿ ಝಾನ್ ಲಾಪೋರ್ತ್ ಪ್ಯಾರಿಸಿನಲ್ಲಿ ಆರಂಭಿಸಿದ ಲಾರ್ಟಿಸಾನ್ ಪರ್ಫ್ಯೂಮರ್ ಈ ಬಗೆಯ ಮೊದಮೊದಲ ಶಾಲೆಗಳಲ್ಲಿ ಒಂದು. 2000ದಲ್ಲಿ ಫ್ರೆಡರಿಕ್ ಮಾಲ್ ತನ್ನ ಸಂಸ್ಥೆಯನ್ನು ಪುಸ್ತಕ ಪ್ರಕಾಶನದ ಮಾದರಿಯಲ್ಲಿ ಕಟ್ಟಿ, ಅಲ್ಲಿಯವರೆಗೆ ಉಡುಪಿನ ಕಂಪನಿಗಳ ಹೆಸರಿನ ಹಿಂದೆ ಮರೆಯಾಗಿದ್ದ ಸುಗಂಧಕಾರರ ಹೆಸರನ್ನು ಶೀಸೆಯ ಮೇಲೆಯೇ ಅಚ್ಚು ಹಾಕಿಸಿದ. ಕಾದಂಬರಿಗೆ ಕರ್ತೃ ಇರುವಂತೆ ಕಂಪಿಗೂ ಒಬ್ಬ ಕರ್ತೃ ಇದ್ದಾನೆಂಬುದು ಅವನ ವಾದವಾಗಿತ್ತು. ಭಾರತದಲ್ಲಿ 2016ರಲ್ಲಿ ಮನನ್ ಗಾಂಧಿ ಸ್ಥಾಪಿಸಿದ ಬಾಂಬೆ ಪರ್ಫ್ಯೂಮರಿಯು ‘ಮದುರೈ ಟಾಕೀಸ್’, ‘ಕ್ಯಾಲಿಕಟ್’, ‘ಚಾಯ್ ಮಸ್ಕ್’ ಮುಂತಾದ ಹೆಸರುಗಳಲ್ಲಿ ಇಲ್ಲಿಯ ಊರುಗಳನ್ನೂ ಅಭ್ಯಾಸಗಳನ್ನೂ ಶೀಸೆಗೆ ಇಳಿಸುವ ಪ್ರಯತ್ನ ಮಾಡಿದೆ.

ರಾಯಚೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಸಿರವಾರ ದಾಟಿದ ಮೇಲೆ ಸಿಗುವ ಕವಿತಾಳದ ಹೆಸರಿನ ಶೀಸೆ ಯಾವ ಶಾಲೆಯಿಂದಲೂ ಬಂದಿಲ್ಲ, ಬರಬೇಕೆಂದು ಆ ಊರಿನವರು ಕೇಳಿದ್ದೂ ಇಲ್ಲ. ಹಿಂದೆ ಮಾನ್ವಿ ತಾಲ್ಲೂಕಿನಲ್ಲಿದ್ದು ಈಗ ಸಿರವಾರ ತಾಲ್ಲೂಕಿಗೆ ಸೇರಿರುವ ಈ ಊರಿಗೆ ಹತ್ತಿ, ಜೋಳ, ತೊಗರಿ, ಕಾಲುವೆ ನೀರು ಬಂದಲ್ಲಿ ಭತ್ತ, ಇವುಗಳ ಚಿಂತೆಯೇ ಸಾಕಷ್ಟಿದೆ. ಆದರೂ ಆ ಸೀಮೆಯಲ್ಲಿ ಬೆಳೆದ ಪ್ರಸ್ತುತ ಲೇಖಕನಿಗೆ, ‘ನಿಷ್’ ಎಂಬ ಮಾತು ಕಿವಿಗೆ ಬೀಳುವುದಕ್ಕೆ ಎಷ್ಟೋ ವರ್ಷ ಮೊದಲೇ, ಒಂದು ಸ್ವತಂತ್ರ ಸುಗಂಧಶಾಲೆಯ ಪರಿಚಯವಾಗಿತ್ತು: ಸಂತೆಗೂ ಜಾತ್ರೆಗೂ ಉರುಸಿಗೂ ತಪ್ಪದೆ ಬರುತ್ತಿದ್ದ ಅತ್ತರಿನವನ ಪೆಟ್ಟಿಗೆಯೇ ಆ ಶಾಲೆ. ಮುಚ್ಚಳ ತೆರೆದರೆ ಮಾಸಿದ ಕೆಂಪು ಮಖಮಲ್ಲು, ಅದರ ಕುಳಿಗಳಲ್ಲಿ ಬೆರಳುದ್ದದ ಗಾಜಿನ ಶೀಸೆಗಳು, ಪ್ರತಿಯೊಂದರ ಬಿರಡೆಗೂ ಒಳಗಿನ ಎಣ್ಣೆಯಲ್ಲಿ ಅದ್ದಿಕೊಂಡಿರುವ ಒಂದು ಗಾಜಿನ ಕಡ್ಡಿ. ಗಿರಾಕಿಯ ಮುಂಗೈ ತಿರುಗಿಸಿ, ಆ ಕಡ್ಡಿಯಿಂದ ಒಂದು ಗೆರೆ ಎಳೆದು, ‘ತಿಕ್ಕಬೇಡಿ’ ಎಂದು ಎಚ್ಚರಿಸುವುದು ಅವನ ಕ್ರಮವಾಗಿತ್ತು. ಕೊಂಡವರಿಗೆ ಶೀಸೆಯ ಜೊತೆಗೆ ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯೊಂದನ್ನು ಹೊಸೆದು, ಕಿವಿಯ ಮಡಿಕೆಯಲ್ಲಿ ಸಿಕ್ಕಿಸಿಕೊಳ್ಳಲು ಕೊಡುತ್ತಿದ್ದ. ಅದನ್ನು ಫಾಯಾ ಎನ್ನುತ್ತಾರೆ. ಎರೆಹೊಲದ ಹತ್ತಿಗೆ ಇಷ್ಟು ಹಗುರವಾದ ಕೆಲಸ ಬೇರೆಲ್ಲೂ ಸಿಕ್ಕಿರಲಾರದು.

ಮೊಗ್ರಾ, ಹೀನಾ, ಖಸ್, ಊದು ಎಂಬ ಸಿದ್ಧ ಅತ್ತರುಗಳ ಜೊತೆಗೆ ಆ ಪೆಟ್ಟಿಗೆಯಲ್ಲಿ ಮಜ್ಮುವಾ ಇರುತ್ತಿತ್ತು. ಮಜ್ಮುವಾ ಎಂದರೆ ಲಾವಂಚ, ಕೇದಿಗೆ, ಕದಂಬ ಮತ್ತು ಮಣ್ಣು, ಈ ನಾಲ್ಕರ ಅತ್ತರುಗಳನ್ನು ಕೂಡಿಸಿದ ಮಿಶ್ರಣ. ಅತ್ತರಿನವನು ಗಿರಾಕಿಯ ವಯಸ್ಸು, ಮದುವೆಯೋ ನಮಾಜೋ ಎಂಬ ಸಂದರ್ಭ, ಬಿಸಿಲಿನ ತೀವ್ರತೆ ಎಲ್ಲವನ್ನೂ ನೋಡಿ, ಒಂದರೊಳಗೆ ಇನ್ನೊಂದರ ಎರಡು ಹನಿ ಸೇರಿಸಿಕೊಟ್ಟದ್ದೂ ಉಂಟು. ಒಬ್ಬನೇ ಗಿರಾಕಿಗಾಗಿ ಕಂಪು ರಚಿಸಿಕೊಡುವ ಈ ಕೆಲಸಕ್ಕೆ ಪ್ಯಾರಿಸಿನಲ್ಲಿ ಈಗ ದೊಡ್ಡ ಮೊತ್ತದ ದರವಿದೆ. ಇಲ್ಲಿ ಅದನ್ನು ಚೌಕಾಸಿ ಮಾಡಿಯೇ ಕೊಳ್ಳುತ್ತಿದ್ದರು.

ಕಂಪಿನ ರಚನೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಸುಗಂಧಕಾರರು ಒಂದು ಮಿಶ್ರಣದಲ್ಲಿ ಮೂರು ಹಂತಗಳನ್ನು ಗುರುತಿಸುತ್ತಾರೆ: ಬೇಗ ಹಾರಿಹೋಗುವ ಹಗುರ ಕಣಗಳ ಮೇಲುಹಂತ, ಹೂವುಗಳೇ ಹೆಚ್ಚಾಗಿರುವ ನಡುಹಂತ, ಗಂಧದ ಎಣ್ಣೆ, ರಾಳ, ಕಸ್ತೂರಿಯಂಥ ನಿಧಾನವಾಗಿ ಆವಿಯಾಗುವ ದ್ರವ್ಯಗಳ ತಳಹಂತ. ಮೇ ತಿಂಗಳ ಮಧ್ಯಾಹ್ನ ರಾಯಚೂರಿನಿಂದ ಕವಿತಾಳಕ್ಕೆ ಹೊರಟ ಕಿಕ್ಕಿರಿದ ಬಸ್ಸನ್ನು ನೆನೆದರೆ ಈ ತತ್ತ್ವ ಸುಲಭವಾಗಿ ತಿಳಿಯುತ್ತದೆ: ಹತ್ತಿದ ಕೂಡಲೇ ಮೂಗಿಗೆ ಬಡಿಯುವುದು ಯಾರದೋ ಚೀಲದ ನಿಂಬೆಹಣ್ಣು, ಕೊತ್ತಂಬರಿ, ಕಲ್ಮಲಾ ದಾಟುವ ಹೊತ್ತಿಗೆ ಮದುವೆಗೆ ಹೊರಟವರ ದಂಡೆಯ ಮಲ್ಲಿಗೆ, ಕವಿತಾಳದಲ್ಲಿ ಇಳಿದು ಮನೆ ಸೇರಿದ ಮೇಲೂ ಅಂಗಿಯನ್ನು ಬಿಡದೆ ಉಳಿಯುವುದು ಡೀಸೆಲ್ಲು ಮತ್ತು ಪಕ್ಕದಲ್ಲಿ ಕುಳಿತಿದ್ದವರ ಊದಿನ ಅತ್ತರು. ಸುಗಂಧಕಾರನ ಕಲೆ ಇರುವುದು ಈ ಮೂರು ಹಂತಗಳು ಒಂದರಿಂದೊಂದಕ್ಕೆ ಜಾರುವಾಗ ಹೊಲಿಗೆ ಕಾಣದಂತೆ ನೋಡಿಕೊಳ್ಳುವುದರಲ್ಲಿ ಮತ್ತು, ಅದಕ್ಕಿಂತ ಹೆಚ್ಚಾಗಿ, ಯಾವುದನ್ನು ಬಸ್ಸಿಗೆ ಹತ್ತಿಸಬಾರದು ಎಂದು ತೀರ್ಮಾನಿಸುವುದರಲ್ಲಿ.

ಈ ವಿದ್ಯೆಯನ್ನು ಸಂಸ್ಕೃತ ಗ್ರಂಥಗಳು ಗಂಧಯುಕ್ತಿ ಎಂದು ಕರೆದು ಶಾಸ್ತ್ರದ ಸ್ಥಾನ ಕೊಟ್ಟಿದ್ದವು. ಆರನೆಯ ಶತಮಾನದ ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ 16 ದ್ರವ್ಯಗಳ ಒಂದು ಚೌಕ ಹಾಕಿ, ಅವುಗಳಲ್ಲಿ ನಾಲ್ಕು ನಾಲ್ಕನ್ನು ಆರಿಸಿ, ಪ್ರಮಾಣ ಬದಲಿಸುತ್ತ ಹೋದರೆ 1,74,720 ಸುಗಂಧಗಳಾಗುತ್ತವೆಂದು ಲೆಕ್ಕ ಕೊಡುತ್ತಾನೆ. ಹದಿನಾರರಲ್ಲಿ ನಾಲ್ಕನ್ನು ಆರಿಸುವ ದಾರಿಗಳು 1,820, ಒಂದೊಂದಕ್ಕೂ ಪ್ರಮಾಣಭೇದಗಳು 96. ಗುಣಿಸಿದರೆ ಲೆಕ್ಕ ಸರಿಯಾಗಿಯೇ ಬರುತ್ತದೆ. ಅಷ್ಟನ್ನೂ ಅವನು ಮೂಸಿ ನೋಡಿರಲಿಕ್ಕಿಲ್ಲ. ಕನ್ನಡದ ಮಟ್ಟಿಗೆ ಹೆಚ್ಚು ಹತ್ತಿರದ ಸಂಗತಿಯೆಂದರೆ 1025ರಲ್ಲಿ ಇಮ್ಮಡಿ ಚಾವುಂಡರಾಯನು ಬರೆದ ಲೋಕೋಪಕಾರ. ನೀರಿನ ಸೆಲೆ ಗುರುತಿಸುವುದು, ಗಿಡಮರಗಳ ಆರೈಕೆ, ಅಡುಗೆ, ವೈದ್ಯ ಮುಂತಾಗಿ ಸಂಸಾರಿಗೆ ಬೇಕಾದ ತಿಳಿವಳಿಕೆಯನ್ನೆಲ್ಲ ಕನ್ನಡದಲ್ಲಿ ಕೂಡಿಸಿಟ್ಟ ಈ ಗ್ರಂಥದಲ್ಲಿ ಸುಗಂಧ ತಯಾರಿಕೆಗೂ ಜಾಗವಿದೆ. ಅಂದರೆ ಬಾವಿ, ಬದನೆ, ಸಾರುಗಳ ಸಾಲಿನಲ್ಲಿಯೇ ಪರಿಮಳವೂ ನಿತ್ಯದ ಅಗತ್ಯಗಳಲ್ಲಿ ಒಂದೆಂದು ಆ ಕಾಲದ ಕನ್ನಡಿಗನೊಬ್ಬ ಭಾವಿಸಿದ್ದ. ಅವನ ಆಶ್ರಯದಾತನು ಕಲ್ಯಾಣ ಚಾಲುಕ್ಯರ ಇಮ್ಮಡಿ ಜಯಸಿಂಹ. ಕವಿತಾಳದ ನೆರೆಯ ಮಸ್ಕಿ, ಪಿರಿಯ ಮೊಸಂಗಿ ಎಂಬ ಹೆಸರಿನಲ್ಲಿ, ಇದೇ ಜಯಸಿಂಹನ ಕಾಲದ ಶಾಸನದಲ್ಲಿ ಕಾಣಿಸಿಕೊಳ್ಳುತ್ತದೆ. ಅಶೋಕನ ಶಾಸನಕ್ಕಾಗಿ ಮಸ್ಕಿಗೆ ಹೋಗುವವರು ಈ ಇನ್ನೊಂದು ನಂಟನ್ನೂ ನೆನೆದರೆ ತಪ್ಪಿಲ್ಲ.

ಒಂದು ಶತಮಾನದ ನಂತರ, ಸುಮಾರು 1129ರಲ್ಲಿ, ಅದೇ ಚಾಲುಕ್ಯ ವಂಶದ ಮುಮ್ಮಡಿ ಸೋಮೇಶ್ವರನು ಮಾನಸೋಲ್ಲಾಸದಲ್ಲಿ ಅರಸನ ಇಪ್ಪತ್ತು ಉಪಭೋಗಗಳನ್ನು ವಿವರಿಸುವಾಗ ವಿಲೇಪನಕ್ಕೆ, ಅಂದರೆ ಮೈಗೆ ಹಚ್ಚುವ ಲೇಪಗಳಿಗೆ, ಒಂದು ಅಧ್ಯಾಯವನ್ನೂ ಧೂಪಕ್ಕೆ ಇನ್ನೊಂದನ್ನೂ ಮೀಸಲಿಡುತ್ತಾನೆ. ಲೇಪವನ್ನು ಋತುವಿಗೆ ತಕ್ಕಂತೆ ಬದಲಿಸಬೇಕೆಂಬ ವಿವೇಕವೂ ಅಲ್ಲಿದೆ. ಮುಂದೆ ರಾಯಚೂರು ದೋಆಬು, ಅಂದರೆ ಕೃಷ್ಣಾ ತುಂಗಭದ್ರೆಗಳ ನಡುವಿನ ನೆಲ, 1520ರಲ್ಲಿ ಕೃಷ್ಣದೇವರಾಯನ ಕೈಗೆ ಹೋಗಿ 1565ರ ಯುದ್ಧದ ಬಳಿಕ ಮತ್ತೆ ಬಿಜಾಪುರದ ಆದಿಲ್‌ಶಾಹಿಗಳಿಗೆ ಸೇರಿತು. ಆ ಮನೆತನದ ಎರಡನೆಯ ಇಬ್ರಾಹಿಂ ಆದಿಲ್‌ಶಾಹನು (ಆಳ್ವಿಕೆ 1580–1627) ನವರಸ ಎಂಬ ಮಾತಿಗೆ ಮರುಳಾಗಿ ತನ್ನ ಹಾಡುಗಳ ಪುಸ್ತಕಕ್ಕೆ ಕಿತಾಬ್-ಎ-ನವರಸ್ ಎಂದೂ ಕಟ್ಟಿಸಿದ ಹೊಸ ಪಟ್ಟಣಕ್ಕೆ ನವರಸಪುರವೆಂದೂ ಹೆಸರಿಟ್ಟವನು. ನಿಜಾಮುದ್ದೀನ್ ಮಹಮೂದ್ ಅವನಿಗಾಗಿ ಪಾರ್ಸಿಯಲ್ಲಿ ಬರೆದ ಸುಗಂಧಗ್ರಂಥದ ಹೆಸರೂ ಇತ್ರ್-ಎ-ನವರಸ್ ಶಾಹಿ. ಹಾಡಿಗೆ, ಊರಿಗೆ, ಅತ್ತರಿಗೆ ಒಂದೇ ಹೆಸರು ಸಾಕೆಂದುಕೊಂಡ ಈ ಸುಲ್ತಾನನಿಗೆ ಕಂಪು ಬರಿಯ ಅಲಂಕಾರವಾಗಿರದೆ ರಸಾನುಭವದ ಭಾಗವಾಗಿತ್ತೆಂದು ತಿಳಿಯುವುದು ನ್ಯಾಯ. ಸುಗಂಧವನ್ನು ಸಂಗೀತದ ಪಕ್ಕದಲ್ಲಿಟ್ಟು ನೋಡುವುದು ತಮ್ಮದೇ ಶೋಧವೆಂಬಂತೆ ಇಂದಿನ ಶಾಲೆಗಳು ಜಾಹೀರಾತಿನಲ್ಲಿ ಬರೆದುಕೊಳ್ಳುವಾಗ, ದಖ್ಖನಿನ ಓದುಗರು ತುಸು ನಕ್ಕು ಮುಂದೆ ಹೋಗಬಹುದು.

ಆದರೆ ಒಂದು ವಿಷಯದಲ್ಲಿ ಇಂದಿನವರದೇ ಮೇಲುಗೈ. ಮಾನಸೋಲ್ಲಾಸದಲ್ಲಿ ಅರಸನ ಹೆಸರಿದೆ, ನವರಸ್ ಶಾಹಿಯಲ್ಲಿ ಸುಲ್ತಾನನ ಹೆಸರೂ ಗ್ರಂಥಕರ್ತನ ಹೆಸರೂ ಇವೆ. ಅಗರು ಕುಟ್ಟಿದವರ, ಕಸ್ತೂರಿ ಅರೆದವರ, ಯಾವುದು ಹೆಚ್ಚಾಯಿತೆಂದು ಮೂಗಿನಿಂದಲೇ ಹೇಳಿದವರ ಹೆಸರು ಎಲ್ಲಿಯೂ ಇಲ್ಲ. ಉರುಸಿನ ಹಿಂದಿನ ದಿನ ಸಂದಲ್ ಮೆರವಣಿಗೆಯಲ್ಲಿ ತಲೆಯ ಮೇಲೆ ಹೊತ್ತು ತರುವ ಗಂಧವನ್ನು ತೇಯ್ದವರನ್ನೂ ಯಾರೂ ಕೇಳುವುದಿಲ್ಲ. ಫ್ರೆಡರಿಕ್ ಮಾಲ್ ಶೀಸೆಯ ಮೇಲೆ ಹಾಕಿಸಿದ ಹೆಸರು ವ್ಯಾಪಾರದ ಜಾಣತನವೇ ಇರಬಹುದು, ಆದರೂ ಅದು ಸಲ್ಲಬೇಕಾದ ಸಾಲವೊಂದನ್ನು ತೀರಿಸಿತು. ಕವಿತಾಳದ ಸಂತೆಯ ಅತ್ತರಿನವನಿಗೆ ಆ ಭಾಗ್ಯವಿರಲಿಲ್ಲ. ಅವನು ಹಚ್ಚಿದ ಗೆರೆಯ ಕಂಪು ಲೇಖಕನ ನೆನಪಿನಲ್ಲಿದೆ, ಹೆಸರು ಇಲ್ಲ.

ಅವನ ಶೀಸೆಯೊಳಗಿನ ಎಣ್ಣೆಗೂ ಒಂದು ಪ್ರಯಾಣವಿತ್ತು. ಉತ್ತರ ಪ್ರದೇಶದ ಕನೌಜಿನಲ್ಲಿ ಇಂದಿಗೂ ನಡೆಯುವ ಭಟ್ಟಿ ಕ್ರಮದಲ್ಲಿ ಹೂವನ್ನೂ ನೀರನ್ನೂ ದೇಗ್ ಎಂಬ ತಾಮ್ರದ ಹಂಡೆಯಲ್ಲಿ ತುಂಬಿ, ಬಾಯಿಗೆ ಮಣ್ಣು ಮೆತ್ತಿ, ಕೆಳಗೆ ಸೌದೆ ಉರಿಸಿ, ಆವಿಯನ್ನು ಬಿದಿರಿನ ಕೊಳವೆಯ ಮೂಲಕ ಭಪ್ಕಾ ಎಂಬ ಪಾತ್ರೆಗೆ ಇಳಿಸುತ್ತಾರೆ. ಆ ಪಾತ್ರೆಯಲ್ಲಿ ಮೊದಲೇ ಇರುವ ಗಂಧದ ಎಣ್ಣೆ ಹೂವಿನ ಕಂಪನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಧದ ಮರ ದಕ್ಷಿಣದ್ದು. ಮೊದಲ ಮಹಾಯುದ್ಧದಿಂದ ಯುರೋಪಿಗೆ ಗಂಧದ ತುಂಡುಗಳ ರಫ್ತು ನಿಂತಾಗ, 1916ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಸರ್ಕಾರ ಎಣ್ಣೆಯನ್ನು ತಾನೇ ತೆಗೆಯಲು ಮುಂದಾಯಿತು. 1989ರಲ್ಲಿ ಪ್ಯಾರಿಸಿನ ಗೆರ್ಲಾನ್ ಸಂಸ್ಥೆ ಹೊರತಂದ ಸಂಸಾರ ಎಂಬ ಪ್ರಸಿದ್ಧ ಸುಗಂಧಕ್ಕೂ ಮೈಸೂರಿನ ಗಂಧವೇ ಆಧಾರವಾಗಿತ್ತು. ಈಗ ಗಂಧದ ಎಣ್ಣೆ ಕೈಗೆಟುಕದಷ್ಟು ತುಟ್ಟಿಯಾಗಿ, ಅಗ್ಗದ ಅತ್ತರುಗಳ ತಳದಲ್ಲಿ ದ್ರವ ಪ್ಯಾರಾಫಿನ್ ಸೇರಿಕೊಂಡಿದೆ.

ಕನೌಜಿನವರು ಹೂವನ್ನಷ್ಟೇ ಅಲ್ಲ, ಮಣ್ಣನ್ನೂ ಭಟ್ಟಿ ಇಳಿಸುತ್ತಾರೆ. ಕೆರೆಯ ಮಣ್ಣಿನ ಬಿಲ್ಲೆಗಳನ್ನು ಸುಟ್ಟು ದೇಗಿಗೆ ಹಾಕಿ ತೆಗೆದ ಮಿಟ್ಟಿ ಅತ್ತರು ಮೊದಲ ಮಳೆಯ ವಾಸನೆಯನ್ನು ಕೊಡುತ್ತದೆ. 1964ರಲ್ಲಿ ಇಸಬೆಲ್ ಬೇರ್ ಮತ್ತು ಆರ್.ಜಿ. ಥಾಮಸ್ ಎಂಬ ಆಸ್ಟ್ರೇಲಿಯದ ವಿಜ್ಞಾನಿಗಳು ಈ ವಾಸನೆಗೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಮಣ್ಣಿನ ಸೂಕ್ಷ್ಮಜೀವಿಗಳು ಉಂಟುಮಾಡುವ ಜಿಯೋಸ್ಮಿನ್ ಎಂಬ ಸಂಯುಕ್ತಕ್ಕೆ ಅದರಲ್ಲಿ ಮುಖ್ಯ ಪಾತ್ರವಿದ್ದು, ಲಕ್ಷ ಕೋಟಿ ಭಾಗ ನೀರಿನಲ್ಲಿ ಅದರ ಕೆಲವೇ ಭಾಗಗಳಿದ್ದರೂ ಮನುಷ್ಯನ ಮೂಗು ಹಿಡಿಯಬಲ್ಲದು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿ ಕಾದು, ಬೆರಳು ತೂರುವಷ್ಟು ಬಿರಿದ ಎರೆಭೂಮಿಯ ಮೇಲೆ ರೋಹಿಣಿ ಮಳೆ ಬಿದ್ದಾಗ ಏಳುವ ವಾಸನೆಗೆ ಕವಿತಾಳದವರು ಯಾವ ಪಾಠದ ನೆರವೂ ಇಲ್ಲದೆ ತಲೆಯೆತ್ತಿ ನಿಲ್ಲುತ್ತಾರೆ. ಆ ವಾಸನೆ ಕೆಮ್ಮಣ್ಣಿನದಕ್ಕಿಂತ ದಟ್ಟವೆಂಬುದು ಲೇಖಕನ ಖಚಿತ ಅಭಿಪ್ರಾಯ. ಇದರಲ್ಲಿ ಸ್ವಂತ ಊರಿನ ಪಕ್ಷಪಾತವೂ ಸೇರಿರಬಹುದು.

ಈ ಸೀಮೆಯ ಹೆಸರಿನಲ್ಲಿ ಒಂದು ಸುಗಂಧಶಾಲೆ ಹುಟ್ಟುವುದಾದರೆ ಅದರ ಮೊದಲ ಶೀಸೆ ಈ ಎರೆಮಣ್ಣಿನ ವಾಸನೆಯದೇ ಆಗಬೇಕು, ಎರಡನೆಯದರಲ್ಲಿ ದವನದ ಹುಣ್ಣಿಮೆಯ ದವನವಿರಬೇಕು. ಕರ್ನಾಟಕದಲ್ಲಿ ಬೆಳೆಯುವ ದವನದ ಎಣ್ಣೆಯನ್ನು ಪರದೇಶದ ಸುಗಂಧಕಾರರು ಆಗಲೇ ಕೊಂಡು ಬಳಸುತ್ತಿದ್ದಾರೆ. ಎರೆಮಣ್ಣು ಒಣಗುವಾಗ ಸೀಳುವುದರಿಂದ ಬಿಲ್ಲೆ ಮಾಡುವವರು ಅದಕ್ಕೆ ಕೆರೆಯ ಹೂಳು ಬೆರೆಸಿಕೊಳ್ಳಬೇಕಾದೀತು. ಉಳಿದಂತೆ ಬೇಕಾಗುವುದು ತಾಮ್ರದ ಹಂಡೆ, ಬಿದಿರು, ಸೌದೆ, ತಾಳ್ಮೆಯುಳ್ಳ ಒಬ್ಬ ಕೆಲಸಗಾರ ಮತ್ತು ಶೀಸೆಯ ಮೇಲೆ ಅವನ ಹೆಸರು. ಇಲ್ಲಿ ಸಿಗದ ವಸ್ತು ಗಂಧದ ಎಣ್ಣೆಯೊಂದೇ. ಅದು ಮೈಸೂರಿನಲ್ಲಿ ಸಿಗುತ್ತದೆ.